ಅಪ್ಪನ ಪಥ್ಯ

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಮತ್ತು ಅಪ್ಪ ಗ್ರಿಲ್ ಹಾಕಿಸಿ ಒಳಗೆ ಸೇರಿಸಿಕೊಂಡ ಒಂದು ಬಾಲ್ಕನಿ ಇತ್ತು. ಬಾಲ್ಕನಿ ನನ್ನದಾಗಿತ್ತು. ಒಂದು ಮಡಿಸುವ ಮಂಚ ಹಾಕಿದರೆ ಕಾಲಿಡಲು ಉಳಿಯುತ್ತಿದ್ದುದು ಒಂದು ಗೇಣು ಜಾಗ. ಆ ಗೇಣು ಜಾಗದಲ್ಲಿ ಅಪ್ಪ ಸ್ಟೂಲು ಹಾಕಿಕೊಂಡು ಕೂತು, ಮೂರು ತಿಂಗಳಿಗೊಮ್ಮೆ ನನ್ನಿಂದ ತಮ್ಮ ರಕ್ತದ ರಿಪೋರ್ಟು ಓದಿಸುತ್ತಿದ್ದರು. ಅವರು ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರು. ದಿನವಿಡೀ ಮಾತಾಡುವ ಕೆಲಸ. ಮನೆಗೆ ಬರುವಾಗ ಅವರಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಆದರೆ ರಿಪೋರ್ಟಿನ ದಿನ ಮಾತ್ರ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ನಾನು ಇಂಗ್ಲಿಷಿನಲ್ಲಿ ಓದುವ ಒಂದೊಂದು ಹೆಸರನ್ನೂ ಕೇಳುತ್ತಿದ್ದರು. ಸಕ್ಕರೆ ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ನಾನು ಹಳೆಯ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಅಡಿಪಟ್ಟಿಯಿಂದ ಗೆರೆ ಎಳೆದು ಬರೆದಿಡುತ್ತಿದ್ದೆ. ಟ್ರೈಗ್ಲಿಸರೈಡ್ ಎಂಬ ಮಾತನ್ನು ನಮ್ಮ ತರಗತಿಯಲ್ಲಿ ತಡವರಿಸದೆ ಹೇಳಬಲ್ಲವಳು ನಾನೊಬ್ಬಳೇ ಎಂದು ನಂಬಿದ್ದೆ. ನನಗೆ ಹನ್ನೆರಡು ವರ್ಷ. ಅಪ್ಪನ ಕಾಯಿಲೆ ನನ್ನ ಪಾಲಿಗೆ ಬಂದ ಆಸ್ತಿಯಂತಿತ್ತು.

ಆ ವರ್ಷ ಜೂನಿನಲ್ಲಿ ಶಶಿಯಕ್ಕ ಬಂದಳು. ಅಪ್ಪನ ಅಣ್ಣನ ಮಗಳು, ಉಡುಪಿಯ ಹತ್ತಿರದ ಹಳ್ಳಿಯವಳು. ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಔಷಧಶಾಸ್ತ್ರದ ಹೆಚ್ಚಿನ ಓದಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲಿನಲ್ಲಿ ಜಾಗ ಸಿಗುವವರೆಗೆ ನಮ್ಮಲ್ಲಿರುವುದೆಂದು ಎರಡು ಪತ್ರಗಳಲ್ಲಿ ನಿಶ್ಚಯವಾಗಿತ್ತು. ಬಾಲ್ಕನಿ ಅವಳಿಗೆ ಹೋಯಿತು. ದೊಡ್ಡವಳು, ಓದುವವಳು, ಬೆಳಗ್ಗೆ ಲೋಕಲ್ ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗುವವಳು ಎಂದು ಅಮ್ಮ ಕಾರಣಗಳನ್ನು ಹೇಳಿದರು. ನಾನು ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದೆ. ಅದು ಸಹಿಸಬಹುದಾದ ಸಂಗತಿ. ಸಹಿಸಲಾಗದ್ದು ಬೇರೆ ಇತ್ತು. ಶಶಿಯಕ್ಕ ಬಂದ ದಿನದಿಂದ ಅಪ್ಪ ಮಾತಾಡತೊಡಗಿದರು, ಅದೂ ತುಳುವಿನಲ್ಲಿ. ಅಮ್ಮ ಘಟ್ಟದ ಮೇಲಿನವರು. ಮನೆಯಲ್ಲಿ ನಡೆಯುತ್ತಿದ್ದುದು ಕನ್ನಡ. ಅದಕ್ಕೂ ನಾನು ಉತ್ತರ ಕೊಡುತ್ತಿದ್ದುದು ಹಿಂದಿಯಲ್ಲೋ ಮರಾಠಿಯಲ್ಲೋ. ಕನ್ನಡ ಬರೆಯಲು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ತುಳು ನನಗೆ ಬಾಗಿಲ ಸಂದಿನಿಂದ ಕಾಣುವ ಕೋಣೆಯಂತೆ ಅರೆಬರೆ ತಿಳಿಯುತ್ತಿತ್ತು. ಚಪ್ಪಲಿ ಬಿಚ್ಚುವ ಮೊದಲೇ ಅಪ್ಪ ಬಾಲ್ಕನಿಯತ್ತ ನೋಡಿ ಏನೋ ಕೇಳುವರು, ಅವಳು ಏನೋ ಹೇಳುವಳು, ಇಬ್ಬರೂ ನಗುವರು. ಅಪ್ಪನ ಹಲ್ಲಿನ ಸಾಲಿನಲ್ಲಿ ಹಿಂದೆ ಒಂದು ಹಲ್ಲು ಇಲ್ಲವೆಂದು ನನಗೆ ಗೊತ್ತಾದದ್ದು ಆ ನಗುವಿನಲ್ಲಿ.

ಜುಲೈಯಲ್ಲಿ ಬಂದ ರಿಪೋರ್ಟು ಚೆನ್ನಾಗಿರಲಿಲ್ಲ. ಲ್ಯಾಬಿನವರು ಕೊನೆಯಲ್ಲಿ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: ಸೀರಮ್ ಹಾಲಿನಂತಿದೆ. ನಾನು ಅದನ್ನು ಓದುವ ಮೊದಲೇ ಅಪ್ಪ ಹಾಳೆಯನ್ನು ಶಶಿಯಕ್ಕನತ್ತ ಚಾಚಿದರು. ಅವಳು ಓದಿ, ಸಕ್ಕರೆ ಕಾಯಿಲೆಯಲ್ಲಿ ರಕ್ತದ ಕೊಬ್ಬೂ ಹೇಗೆ ಏರುತ್ತದೆಂದು ವಿವರಿಸಿದಳು. ಅವಳ ಕಾಲೇಜಿನ ಕೆಲಸವೂ ಅದೇ ಆಗಿತ್ತು. ಗಿಡಮರಗಳ ತೊಗಟೆ, ಬೀಜ, ತಿರುಳುಗಳಿಂದ ಸತ್ವ ತೆಗೆದು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಕುಡಿಸುವುದು, ಅವುಗಳ ರಕ್ತದ ಕೊಬ್ಬು ಇಳಿಯುತ್ತದೆಯೇ ಎಂದು ನೋಡುವುದು. ಮೆಂತೆ, ನೆಲ್ಲಿ, ನೇರಳೆ ಬೀಜ ಎಲ್ಲವನ್ನೂ ಅವರಲ್ಲಿ ನೋಡಿದ್ದರು. ಅವಳ ಪಾಲಿಗೆ ಬಂದದ್ದು ಬೇಂಗದ ಮರದ ತಿರುಳು. ಪುಸ್ತಕದಲ್ಲಿ ಅದಕ್ಕೆ ಹೊನ್ನೆ ಎಂದು ಹೆಸರು.

"ಮನೆಯಲ್ಲೂ ಮಾಡಿ ಕೊಡಬಹುದು ಚಿಕ್ಕಪ್ಪ," ಎಂದಳು. "ಕಾಲೇಜಲ್ಲಿ ಆಲ್ಕೋಹಾಲಿನಲ್ಲಿ ತೆಗೀತೇವೆ. ಇಲ್ಲಿ ನೀರಿನಲ್ಲಿ ಕುದಿಸುವ. ಆದ್ರೆ ಇಲಿಗಳಿಗೆ ಆದದ್ದು ಮನುಷ್ಯರಿಗೆ ಎಷ್ಟು ಆಗ್ತದೆ ಅಂತ ನಾನು ಹೇಳ್ಲಿಕ್ಕಾಗುದಿಲ್ಲ."

"ಅದಕ್ಕೆಂತ? ನಾನೊಂದು ಪೆರ್ಗುಡೆ ಅಂತ ಬರ್ಕೋ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕರು, ಒಂದು ತಿಂಗಳಲ್ಲಿ ಅಷ್ಟು ತುಳು ಅವರಿಗೂ ಬಂದಿತ್ತು. ನಾನು ಪೆರ್ಗುಡೆ ಎಂದರೇನೆಂದು ಕೇಳಬೇಕಾಯಿತು. ಹೆಗ್ಗಣ ಎಂದು ಶಶಿಯಕ್ಕ ಹೇಳಿದಳು, ಮೆಲ್ಲಗೆ, ನನಗೆ ಬೇಸರವಾಗದಂತೆ. ಹೇಳಿದ ಮೇಲೆ ಅದರಲ್ಲಿ ನಗುವುದು ಉಳಿದಿರಲಿಲ್ಲ. ಅವಳ ಆ ಮೆಲ್ಲಗಿನ ದನಿಯೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಿತ್ತು.

ಊರಿನಿಂದ ಬಸ್ಸಿನಲ್ಲಿ ಒಂದು ಗೋಣಿಚೀಲ ಬೇಂಗದ ಚಕ್ಕೆ ಬಂತು. ಕೆಂಪು ಕಂದು ಬಣ್ಣದ ಒರಟು ಚೂರುಗಳು. ಅಡುಗೆಮನೆಯಲ್ಲಿ ಶಶಿಯಕ್ಕ ಒಂದು ಪಾಲು ಚಕ್ಕೆಗೆ ಎಂಟು ಪಾಲು ನೀರು ಹಾಕಿ, ಕಾಲು ಭಾಗಕ್ಕಿಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸೋಸುವಳು. ಸೋಸಿದ ನೀರು ಚಹಾದ ಬಣ್ಣ. ಗಾಜಿನ ಲೋಟದಲ್ಲಿ ಹಾಕಿ ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಮಿನುಗು. ಮೊದಲ ಸಲ ಅದನ್ನು ಮಾಡಿ ತೋರಿಸಿದಾಗ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುತ್ತಿದ್ದವರೂ ನೋಡಲು ಬಂದರು. ನೋಡಿ, ಗಲ್ಲಕ್ಕೆ ಕೈ ಹಚ್ಚಿ, ನನ್ನತ್ತ ತಿರುಗಿದರು.

"ಅಗ ವೀಣಾ, ತುಝೀ ತಾಈ ಕಿತೀ ಹುಷಾರ್! ಆಣಿ ತೂ?"

ಅಕ್ಕ ಎಷ್ಟು ಜಾಣೆ, ನೀನೋ, ಎಂದು. ಉತ್ತರ ಬೇಕಾಗದ ಪ್ರಶ್ನೆ ಅದು, ಆದರೂ ನಾನು ವಾರಗಟ್ಟಲೆ ಅದಕ್ಕೆ ಉತ್ತರ ಹುಡುಕಿದೆ. ಅಮ್ಮನಿಗೆ ಮಾತ್ರ ಆ ಕಷಾಯದ ಮೇಲೆ ಸಿಟ್ಟಿತ್ತು. ಗ್ಯಾಸ್ ಬೇಗ ಮುಗಿಯುತ್ತದೆ, ಪಾತ್ರೆಗೆ ಕಲೆ ಹಿಡಿಯುತ್ತದೆ ಎಂದು.

"ನನ್ನ ಸಾರಿನ ಪಾತ್ರೆಗೆ ಕೈ ಹಾಕಬೇಡ ಶಶಿ. ಅವತ್ತು ತಿಳಿಸಾರು ಮಾಡಿದ್ರೆ ಮರದಂಗಡಿ ವಾಸನೆ ಬಂತು."

"ಬೇರೆ ಪಾತ್ರೆ ತರ್ತೇನೆ ಚಿಕ್ಕಮ್ಮ."

"ತಾ. ಮತ್ತೆ ಡಾಕ್ಟರ ಮಾತ್ರೆ?"

"ಅದು ಯಾವತ್ತಿನ ಹಾಗೆ. ಅದನ್ನು ಬಿಡ್ಲಿಕ್ಕುಂಟಾ? ಎರಡು ಮಾತ್ರೆಯನ್ನೂ ನೀವೇ ಬೆಳಿಗ್ಗೆ ಕಾಫಿಯ ಜೊತೆ ಇಡಿ. ಕಷಾಯ ಒಂದು ಗಂಟೆ ಬಿಟ್ಟು."

ಈ ಮಾತು ನಡೆದಾಗ ನಾನು ಬಾಗಿಲ ಬಳಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದೆ. ಅಪ್ಪ ಹೋಟೆಲಿನಲ್ಲಿದ್ದರು. ಅದು ನನಗೆ ಇಷ್ಟು ಸ್ಪಷ್ಟವಾಗಿ ನೆನಪಿರುವುದಕ್ಕೆ ಕಾರಣವಿದೆ.

ಚೌತಿಯ ಕಡುಬು ಮುಗಿಯಲಿ, ಮರುದಿನದಿಂದ ಶುರುಮಾಡುತ್ತೇನೆ ಎಂದು ಅಪ್ಪ ಹೇಳಿದ್ದರು. ಚೌತಿಯ ಸಂಜೆ ಊಟ ಮುಗಿಸಿ ಕೈ ಒರೆಸುತ್ತಾ ಅವರು ಶಶಿಯಕ್ಕನನ್ನು ತುಳುವಿನಲ್ಲಿ ಕೇಳಿದರು.

"ಪಥ್ಯ ಉಂಡಾ?"

"ಉಂಡು ಚಿಕ್ಕಪ್ಪ. ಜೋರು ಪಥ್ಯ."

ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಪಥ್ಯ ಇದೆಯಾ ಎಂದು ಅವರು, ಇದೆ ಎಂದು ಅವಳು, ಇಷ್ಟು ತುಳು ನನಗೂ ಗೊತ್ತಾಗುತ್ತಿತ್ತು. ಅವಳು ಹೇಳಿದ ಪಥ್ಯವೆಂದರೆ ಎಣ್ಣೆಯಲ್ಲಿ ಕರಿದದ್ದು, ತೆಂಗಿನಕಾಯಿ, ಸಿಹಿ, ತಟ್ಟೆ ತುಂಬ ಅನ್ನ, ಇವು ಬೇಡ ಎನ್ನುವುದು. ಅದನ್ನು ಪಟ್ಟಿ ಮಾಡಿ ಅಮ್ಮನಿಗೆ ಕೊಟ್ಟಿದ್ದಳು. ಆದರೆ ಅಪ್ಪನ ಪಥ್ಯ ಬೇರೆ. ಅದನ್ನು ಅವರು ಹಿಂದೊಮ್ಮೆ ನನಗೆ ಹೇಳಿದ್ದರು, ಬಾಲ್ಕನಿ ನನ್ನದಾಗಿದ್ದಾಗ. ಅವರು ಚಿಕ್ಕವರಿದ್ದಾಗ ಅವರ ತಾಯಿಗೆ ಕಾಮಾಲೆಯಾಯಿತಂತೆ. ಹಳ್ಳಿಯ ಪಂಡಿತರು ನಾರುಬೇರಿನ ಮದ್ದು ಕೊಟ್ಟು, ಇದು ಹೊಟ್ಟೆಯಲ್ಲಿರುವಾಗ ಇಂಗ್ಲಿಷ್ ಮದ್ದಿನ ಒಂದು ಹನಿಯೂ ಒಳಗೆ ಹೋಗಬಾರದು, ಹೋದರೆ ಎರಡೂ ಕೆಲಸ ಮಾಡುವುದಿಲ್ಲ ಎಂದರಂತೆ. ಉಪ್ಪು ಬಿಡುವುದಕ್ಕಿಂತ ದೊಡ್ಡ ಪಥ್ಯ ಅದು ಎಂದು ಅಪ್ಪ ಹೇಳಿದ್ದರು. ಅಜ್ಜಿ ಬದುಕಿದರು. ಅಪ್ಪನ ಮಟ್ಟಿಗೆ ಪಥ್ಯವೆಂಬ ಮಾತಿನ ಅರ್ಥ ಅಲ್ಲಿಗೆ ನಿಂತುಬಿಟ್ಟಿತ್ತು. ಶಶಿಯಕ್ಕನಿಗೆ ಈ ಕಥೆ ಗೊತ್ತಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲವೇನೋ. ಎರಡೂ ಅರ್ಥ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳು.

ಮರುದಿನ ಬೆಳಿಗ್ಗೆ ಅಮ್ಮ ಕಾಫಿಯ ಬಟ್ಟಲಿನ ಪಕ್ಕ ಎರಡು ಮಾತ್ರೆ ಇಟ್ಟು ಸ್ನಾನಕ್ಕೆ ಹೋದರು. ಶಶಿಯಕ್ಕ ಆಗಲೇ ಸ್ಟೇಷನ್ನಿಗೆ ಹೋಗಿಯಾಗಿತ್ತು. ನಾನು ಅಡುಗೆಮನೆಯ ಬಾಗಿಲಿಗೆ ಬಂದಾಗ ಅಪ್ಪ ನನಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದರು. ಅಲ್ಲಿ ಡಾಲ್ಡಾ ಡಬ್ಬಿಯಲ್ಲಿ ದೊಡ್ಡಪತ್ರೆಯ ಗಿಡವಿತ್ತು. ಅಪ್ಪ ಒಂದು ಮಾತ್ರೆಯನ್ನು ಹೆಬ್ಬೆರಳಿನಿಂದ ಮಣ್ಣಿನೊಳಗೆ ಒತ್ತಿದರು, ಆಮೇಲೆ ಇನ್ನೊಂದನ್ನು. ಮಣ್ಣು ಸರಿಮಾಡಿ, ಬೆರಳು ಒರೆಸಿಕೊಂಡು, ಅಮ್ಮ ಕೇಳಿದರೆ ಕಾಣಲೆಂದು ನೀರಿನ ಲೋಟವನ್ನು ಅರ್ಧ ಖಾಲಿ ಮಾಡಿಟ್ಟರು. ನಾನು ಹಿಂದೆ ಸರಿದು ಶಾಲೆಯ ಚೀಲ ಹುಡುಕುವವಳಂತೆ ಬಗ್ಗಿದೆ. ಒಂದು ಗಂಟೆಯ ಮೇಲೆ ಅವರು ಶಶಿಯಕ್ಕನ ಕಷಾಯವನ್ನು ಕಣ್ಣು ಮುಚ್ಚಿ, ತೀರ್ಥದಂತೆ ಕುಡಿದರು.

ನಾನು ಹೇಳಬೇಕಾಗಿದ್ದುದು ಒಂದೇ ವಾಕ್ಯ. ಮೂರು ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳದಿರಲು ನಾನು ಕೊಟ್ಟುಕೊಂಡ ಕಾರಣ ಇಂದಿಗೂ ನನಗೆ ಅಕ್ಷರಶಃ ನೆನಪಿದೆ. ದೀಪಾವಳಿಗೆ ಮೊದಲು ಮತ್ತೆ ರಕ್ತ ಪರೀಕ್ಷೆ ಆಗುತ್ತದೆ. ಕಷಾಯವೊಂದೇ ಕುಡಿದರೆ ರಿಪೋರ್ಟು ಕೆಡುತ್ತದೆ. ಆಗ ಶಶಿಯಕ್ಕನ ಬೇಂಗ, ಶಶಿಯಕ್ಕನ ನೀಲಿ ಮಿನುಗು, ಅವಳ ಇಲಿಗಳು ಎಲ್ಲ ಬರಿ ಬಣ್ಣದ ನೀರು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅಪ್ಪ ಹಾಳೆಯನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅಪ್ಪನಿಗೆ ಏನಾದರೂ ಆಗಬಹುದೆಂದು ನನಗೆ ಹೊಳೆಯಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಹೊಳೆದಾಗಲೆಲ್ಲ ನಾನು ಬೇರೆ ಏನನ್ನಾದರೂ ಯೋಚಿಸುತ್ತಿದ್ದೆ.

ವಾರಗಳು ಕಳೆದವು. ಅಪ್ಪ ಕರಿದ ಗೋಳಿಬಜೆ ಮುಟ್ಟಲಿಲ್ಲ, ಹೋಟೆಲಿನ ಹುಡುಗರು ಪಥ್ಯದ ಮ್ಯಾನೇಜರು ಎಂದು ಹೆಸರಿಟ್ಟರೆಂದು ತಾವೇ ಬಂದು ಹೇಳಿ ನಕ್ಕರು. ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಅಮ್ಮ ಹೊಸ ತೂತು ಮಾಡಿಕೊಟ್ಟರು. ಕಾಕು ಬಂದು, ಅಂಕಲ್ ಎಷ್ಟು ಬಾರೀಕ್ ಆದರು, ನಮ್ಮವರಿಗೂ ಸ್ವಲ್ಪ ಆ ಕಷಾಯ ಕೊಡಿ ಎಂದರು. ಶಶಿಯಕ್ಕ ನಾಚಿಕೊಂಡಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. ಅವರು ನನ್ನ ತಲೆಯ ಮೇಲೆ ಹಾಗೆ ಕೈಯಿಟ್ಟದ್ದು ಯಾವಾಗ ಎಂದು ನಾನು ಆ ಕೂಡಲೇ ಲೆಕ್ಕಹಾಕಿದೆ, ಸಿಗಲಿಲ್ಲ. ಅವರು ಊಟದ ನಡುವೆ ನಾಲ್ಕು ಸಲ ನೀರು ಕೇಳುವುದನ್ನು ನಾನು ಗಮನಿಸಿದ್ದೆ. ಎರಡು ಮಹಡಿ ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದನ್ನೂ. ಒಂದು ದಿನ ಯಾರೂ ಇಲ್ಲದಾಗ ಪೆನ್ಸಿಲಿನಿಂದ ದೊಡ್ಡಪತ್ರೆಯ ಬುಡ ಕೆದಕಿದೆ. ಹೊಸ ಮಾತ್ರೆಗಳು ಅಕ್ಕಿಕಾಳಿನಂತೆ ಬೆಳ್ಳಗಿದ್ದವು, ಹಳೆಯವು ಕರಗಿ ಮಣ್ಣಿನಲ್ಲಿ ಸುಣ್ಣದ ಕಲೆಯಾಗಿದ್ದವು. ಮತ್ತೆ ಮುಚ್ಚಿದೆ.

ದೀಪಾವಳಿಗೆ ಹತ್ತು ದಿನವಿರುವಾಗ, ರಜೆಯ ದಿನ ಬೆಳಿಗ್ಗೆ, ಅಪ್ಪ ಪೇಪರು ಓದುತ್ತಿದ್ದವರು ಹೊಟ್ಟೆಯ ಮೇಲೆ ಕೈಯೊತ್ತಿ ಮುಂದಕ್ಕೆ ಬಾಗಿದರು. ಗ್ಯಾಸ್ ಇರಬೇಕೆಂದು ಅಮ್ಮ ಓಮದ ನೀರು ತಂದರು. ಅದು ಒಳಗೆ ನಿಲ್ಲಲಿಲ್ಲ. ನೋವು ಬೆನ್ನಿಗೆ ಹೋಯಿತು. ಅಪ್ಪ ಕೂಗುವವರಲ್ಲ, ಅವರು ನೆಲದ ಮೇಲೆ ಮಗುವಿನಂತೆ ಮುದುಡಿ ಮಲಗಿ, ಗೋಡೆಯನ್ನು ನೋಡುತ್ತಾ ಹಲ್ಲು ಕಚ್ಚಿದ್ದರು. ಕಾಕುವಿನ ಗಂಡ ರಿಕ್ಷಾ ತಂದರು. ನರ್ಸಿಂಗ್ ಹೋಮಿನಲ್ಲಿ ರಕ್ತ ತೆಗೆದ ಸಿರಿಂಜಿನತ್ತ ನಾನು ನೋಡಿದೆ. ಸ್ವಲ್ಪ ಹೊತ್ತಿನಲ್ಲಿ ಟ್ಯೂಬಿನಲ್ಲಿ ಕೆಂಪು ಕೆಳಗಿಳಿದು, ಮೇಲೆ ಹಾಲಿನ ಕೆನೆಯಂಥ ದಪ್ಪ ಪದರ ನಿಂತಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಈ ಕೊಬ್ಬಿನಿಂದಲೇ ಮೇದೋಜೀರಕ ಗ್ರಂಥಿ ಉರಿಯೆದ್ದಿದೆ, ಸಕ್ಕರೆಯೂ ಮಿತಿಮೀರಿದೆ ಎಂದರು. ಆಮೇಲೆ ಅಮ್ಮ, ಶಶಿಯಕ್ಕ, ನಾನು, ಮೂವರನ್ನೂ ನೋಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದರು. ಹೌದು, ದಿನವೂ ನಾನೇ ಇಡುತ್ತೇನೆ ಎಂದು ಅಮ್ಮ ಹೇಳಿದರು. ಹೌದು ಎಂದು ಶಶಿಯಕ್ಕನೂ ಹೇಳಿದಳು. ಡಾಕ್ಟರು ತಲೆಯಾಡಿಸಿ, ಇಲ್ಲ, ಸಾಧ್ಯವಿಲ್ಲ ಎಂದರು. ಸಿಟ್ಟಿನಿಂದ, ಯಾರನ್ನೂ ನೋಡದೆ ಕೇಳಿದರು.

"ಗೋಳ್ಯಾ ಕಧೀಪಾಸೂನ್ ಬಂದ್ ಆಹೇತ್?"

ಮಾತ್ರೆ ಯಾವಾಗಿನಿಂದ ನಿಂತಿದೆ ಎಂಬ ಪ್ರಶ್ನೆ. ಶಾಲೆಯಲ್ಲಿ ಪ್ರಶ್ನೆ ಬಿದ್ದೊಡನೆ ಉತ್ತರ ಹೇಳುವ ಅಭ್ಯಾಸ ನನ್ನದು.

"ಗಣಪತೀಚ್ಯಾ ದುಸರ್‍ಯಾ ದಿವಸಾಪಾಸೂನ್," ಎಂದೆ. ಚೌತಿಯ ಮರುದಿನದಿಂದ. ಅಷ್ಟಕ್ಕೆ ನಿಲ್ಲದೆ, ಎರಡೂ ಮಾತ್ರೆ, ಒಂದು ದಿನವೂ ತಪ್ಪದೆ ಎಂದು ಸೇರಿಸಿದೆ.

ಡಾಕ್ಟರು ಬರೆದುಕೊಂಡು ಒಳಗೆ ಹೋದರು. ಅಮ್ಮ ನನ್ನ ಕಡೆ ತಿರುಗಿದರು.

"ನಿನಗೆ ಹೇಗೆ ಗೊತ್ತು?"

ನಾನು ಗೋಡೆಯ ಮೇಲಿದ್ದ ಮಗುವಿನ ಚಿತ್ರವನ್ನು ನೋಡಿದೆ. ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡಿ ಎನ್ನುವ ಚಿತ್ರ.

"ವೀಣಾ. ನಿನಗೆ ಹೇಗೆ ಗೊತ್ತು ಅಂತ ಕೇಳಿದೆ."

"ಅವಳು ನನಗೆ ಹೇಳಿದ್ದಳು ಚಿಕ್ಕಮ್ಮ," ಎಂದಳು ಶಶಿಯಕ್ಕ. ಅವಳ ಮುಖ ಬಿಳಿಚಿತ್ತು, ದನಿ ಮಾತ್ರ ನೆಟ್ಟಗಿತ್ತು. "ಚಿಕ್ಕಪ್ಪ ಮಾತ್ರೆ ಬಿಟ್ಟಿದ್ದಾರೆ ಅಂತ ಆವಾಗಲೇ ಹೇಳಿದ್ದಳು. ನಾನೇ, ಕಾಲೇಜಿನ ಗಡಿಬಿಡಿಯಲ್ಲಿ... ಕೇಳ್ತೇನೆ ಅಂತ ಹೇಳಿ ಮರೆತೆ."

ಅಮ್ಮ ಅವಳಿಗೆ ಏನೇನು ಹೇಳಿದರೆಂದು ಇಲ್ಲಿ ಬರೆಯುವುದಿಲ್ಲ. ಕಾಂಪೌಂಡರ್ ಬಂದು ದನಿ ತಗ್ಗಿಸಿ ಎನ್ನಬೇಕಾಯಿತು. ನನ್ನ ಗಂಡನನ್ನು ಇಲಿ ಮಾಡಿದೆ ಎಂಬುದು ಅದರಲ್ಲಿ ಒಂದು. ಶಶಿಯಕ್ಕ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿದಳು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಅಲ್ಲಿ ಕೂತು ನನಗೆ ಆಗಬೇಕಾಗಿದ್ದುದು ನಾಚಿಕೆ, ಇಲ್ಲವೇ ಕೃತಜ್ಞತೆ. ಆದದ್ದು ಹೊಟ್ಟೆಯುರಿ. ಬಾಲ್ಕನಿ ತೆಗೆದುಕೊಂಡಳು, ಅಪ್ಪನ ನಗು ತೆಗೆದುಕೊಂಡಳು, ಈಗ ನನ್ನ ತಪ್ಪನ್ನೂ ತೆಗೆದುಕೊಂಡಳು. ಅದನ್ನು ಮೈಮೇಲೆ ಹಾಕಿಕೊಂಡು ನನಗಿಂತ ಒಳ್ಳೆಯವಳಾಗಿ ಕೂತಿದ್ದಾಳೆ.

ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ನಮ್ಮಲ್ಲಿ ಆ ವರ್ಷ ದೀಪಾವಳಿಯ ದೀಪ ಹಚ್ಚಲಿಲ್ಲ. ಅವರು ಮನೆಗೆ ಬರುವ ಮೊದಲೇ ಶಶಿಯಕ್ಕ ಕಾಲೇಜಿನ ಹತ್ತಿರ ಮೂವರು ಹುಡುಗಿಯರ ಜೊತೆ ಒಂದು ಕೋಣೆ ಹುಡುಕಿಕೊಂಡು ಹೋದಳು. ಗೋಣಿಚೀಲವನ್ನೂ ಒಯ್ದಳು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ.

"ಮಾತ್ರೆ ನುಂಗಿದ ಮೇಲೆ ಬಾಯಿ ತೆರೆದು ತೋರಿಸ್ಲಿಕ್ಕೆ ಹೇಳು. ನಾಚಿಕೆ ಮಾಡ್ಬೇಡ, ಆಯ್ತಾ?"

ಡಾಕ್ಟರು ಮಾತ್ರೆಯ ಹೊಣೆಯನ್ನು ನನಗೇ ಕೊಟ್ಟಿದ್ದರು. ಈ ಹುಡುಗಿಗೆ ದಿನ ತಾರೀಕು ಸರಿಯಾಗಿ ನೆನಪಿರುತ್ತದೆ ಎಂದು ಹೊಗಳಿಯೇ ಕೊಟ್ಟಿದ್ದರು. ಬಾಲ್ಕನಿ ನನಗೆ ಮರಳಿ ಬಂತು. ಅಪ್ಪ ಅಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂರುವರು, ನಾನು ಸ್ಟೂಲಿನ ಮೇಲೆ. ನಾನು ಬಯಸಿದ್ದೆಲ್ಲ ಸಿಕ್ಕಿತ್ತು. ಅಪ್ಪ ಮಾತ್ರ ಮತ್ತೆ ಮಾತು ನಿಲ್ಲಿಸಿದ್ದರು. ಸಂಜೆ ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿಯ ಸದ್ದಾದರೆ ಅವರು ಬಾಗಿಲ ಕಡೆ ನೋಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಮೂರನೆಯ ವಾರ ನನ್ನಿಂದ ಆಗಲಿಲ್ಲ.

"ಶಶಿಯಕ್ಕ ಹೇಳಿದ್ದು ಝೂಠ್," ಎಂದೆ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ. "ನಾನು ಅವಳಿಗೆ ಹೇಳಲೇ ಇಲ್ಲ. ಅವಳಿಗೆ ಕುಛ್ ಭೀ ಗೊತ್ತಿರಲಿಲ್ಲ."

ಅಪ್ಪ ನನ್ನನ್ನು ನೋಡಿದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ನನಗೆ ಗೊತ್ತುಂಟು."

"ಹೇಗೆ?"

"ಮೊದಲನೇ ದಿನವೇ ನೀನು ನೋಡಿದೆಯಲ್ಲ, ಬಾಗಿಲಲ್ಲಿ ನಿಂತು. ಕಿಟಕಿಯ ಗಾಜಿನಲ್ಲಿ ಕಾಣ್ತಿತ್ತು." ಅವರು ಉಸಿರು ತೆಗೆದುಕೊಂಡರು. "ಅಮ್ಮನಿಗೆ ಹೇಳ್ತಿ ಅಂತ ಎರಡು ದಿವಸ ಹೆದರಿದೆ. ನೀನು ಹೇಳ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ಹೊ, ಈ ಹುಡುಗಿ ನನ್ನ ಪಕ್ಷ ಅಂತ ಎಣಿಸಿದೆ. ಇಷ್ಟು ದಿವಸ ಇದಕ್ಕೆ ನನ್ನ ಮೇಲೆ ಎಂತದೋ ಸಿಟ್ಟು ಅಂತಿದ್ದೆ. ಬೆಳಿಗ್ಗೆ ಮಾತ್ರೆ ಮಣ್ಣಿಗೆ ಹಾಕುವಾಗ ನೀನು ಹಿಂದೆ ಇದ್ದಿ ಅಂತ ಗೊತ್ತಾಗ್ತಿತ್ತು. ನಮ್ಮಿಬ್ಬರದ್ದೇ ಒಂದು ಗುಟ್ಟು ಅಂತ... ಖುಷಿ ಆಗ್ತಿತ್ತು ಮಾರಾಯ್ತಿ ನನಗೆ."

ಆರು ವಾರ ನಾನು ಅವರ ಪಕ್ಷವಾಗಿದ್ದೆ. ಶಶಿಯಕ್ಕನಿಗಿಂತ, ಅಮ್ಮನಿಗಿಂತ ಹತ್ತಿರ. ಅಷ್ಟೂ ದಿನ ನಾನು ಅವರ ಬೆನ್ನ ಹಿಂದೆ ನಿಂತು ಅವರ ರಕ್ತ ಕೆಡಲೆಂದು ಕಾಯುತ್ತಿದ್ದೆ. ಅದು ಹಾಗಲ್ಲ ಅಪ್ಪ ಎನ್ನಲು ಬಾಯಿ ತೆರೆದೆ. ಅವರು ನನ್ನ ಮುಖವನ್ನು ನೋಡುತ್ತಿದ್ದರು, ರಿಪೋರ್ಟು ಓದಿಸುವಾಗಲೂ ನೋಡದಷ್ಟು ಅಕ್ಕರೆಯಿಂದ. ನಾನು ಬಾಯಿ ಮುಚ್ಚಿಕೊಂಡು, ಮಾತ್ರೆಯ ಪಟ್ಟಿಯಿಂದ ಎರಡನ್ನು ಬಿಡಿಸಿ ಅವರ ಅಂಗೈಯಲ್ಲಿಟ್ಟೆ. ಅವರು ನುಂಗಿ, ನಾನು ಕೇಳುವ ಮೊದಲೇ ಬಾಯಿ ತೆರೆದು ತೋರಿಸಿದರು.